ಹಿಂದಿನ ಸಾಲಿನ ಪರವಾಗಿ

ಸ್ಪೆಕ್ ಕ್ಲಾಸ್ ರೇಸಿಂಗ್ ಅಂದರೇನು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: ಎಲ್ಲರಿಗೂ ಒಂದೇ ಕಾರು, ಒಂದೇ ಎಂಜಿನ್, ಒಂದೇ ಟೈರು, ಹಾಗಾಗಿ ಅಲ್ಲಿ ದುಡ್ಡಿನ ಆಟ ನಡೆಯುವುದಿಲ್ಲ, ಚಾಲಕನ ಕೈಚಳಕವೇ ಗೆಲ್ಲುತ್ತದೆ. ಇದಕ್ಕೆ ಅಂಟಿಕೊಂಡೇ ಇನ್ನೆರಡು ಮಾತು ಬರುತ್ತವೆ. ಕಾರು ರೇಸಿಗೆ ಇಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ ಎನ್ನುವುದು ಒಂದು. ಸಣ್ಣ ವಯಸ್ಸಿನಲ್ಲೇ ಶುರುಮಾಡಿದರೆ ಇದೇ ಮೇಲೇರುವ ಏಣಿ ಎನ್ನುವುದು ಇನ್ನೊಂದು. ಈ ಮೂರನ್ನೂ ನಂಬಿ ಟ್ರ್ಯಾಕಿಗೆ ಬಂದವರು ಒಂದೆರಡು ವರ್ಷದಲ್ಲೇ ಕಾರು ಮಾರಿ ಹೊರಟುಹೋಗುವುದನ್ನು ನೋಡಿದ್ದೇನೆ. ಅವರಿಗೆ ರೇಸಿನ ಮೇಲಿನ ಪ್ರೀತಿ ಬತ್ತಿರಲಿಲ್ಲ. ಕೇಳಿಸಿಕೊಂಡು ಬಂದದ್ದು ಒಂದು, ಬಂದಮೇಲೆ ಕಂಡದ್ದು ಇನ್ನೊಂದು ಆಗಿತ್ತು, ಅಷ್ಟೆ.

ಸ್ಪೆಕ್ ಕ್ಲಾಸನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂದೇ ನನ್ನ ನಂಬಿಕೆ. ಆದರೆ ಅದನ್ನು ಹೊಗಳುವಾಗ ನಾವು ಕೊಡುವ ಕಾರಣ ತಪ್ಪು. ಆ ತಪ್ಪು ಕಾರಣದಿಂದಾಗಿಯೇ ಹೊಸಬರು ತಮ್ಮ ದುಡ್ಡನ್ನೂ ಉತ್ಸಾಹವನ್ನೂ ಬೇಡದ ಜಾಗದಲ್ಲಿ ಸುರಿಯುತ್ತಿದ್ದಾರೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕ್ಲಾಸನ್ನೇ ಎತ್ತಿಕೊಳ್ಳುತ್ತೇನೆ: ಅಮೆರಿಕದ ಸ್ಪೆಕ್ ಮಿಯಾಟಾ. ಮಾಜ್ದಾ ಕಂಪನಿ 1989ರ ಷಿಕಾಗೊ ಆಟೋ ಶೋದಲ್ಲಿ ತೋರಿಸಿದ ಎರಡೇ ಸೀಟಿನ, ಚಾವಣಿ ಮಡಚುವ ಪುಟ್ಟ ಕಾರು ಮಿಯಾಟಾ. ಮೊದಲ ಮಾದರಿಯ 1.6 ಲೀಟರ್ ಎಂಜಿನ್ನಿಗೆ 116 ಅಶ್ವಶಕ್ತಿ. ಇವತ್ತು ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ಎಸ್‌ಯುವಿಗಳಿಗೆ ಅದಕ್ಕಿಂತ ಹೆಚ್ಚು ಬಲವಿದೆ. ಆದರೆ ಈ ಕಾರಿನ ತೂಕ ಕಡಿಮೆ, ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಹಳೆಯ ಮಿಯಾಟಾ ಒಂದನ್ನು ಕೊಂಡು, ಒಳಗಿನ ಸೀಟು, ಕಾರ್ಪೆಟ್ಟು ಎಲ್ಲ ಕಿತ್ತು, ಉಕ್ಕಿನ ಕೊಳವೆಗಳ ರೋಲ್ ಕೇಜ್ ವೆಲ್ಡ್ ಮಾಡಿಸಿ, ನಿಯಮದಲ್ಲಿ ಹೇಳಿದ ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ಟೈರು ಹಾಕಿದರೆ ಅದು ಸ್ಪೆಕ್ ಮಿಯಾಟಾ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ಮತ್ತು 1991ರಲ್ಲಿ ಶುರುವಾದ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ ಎರಡೂ ಈ ಕ್ಲಾಸನ್ನು ನಡೆಸುತ್ತವೆ. ಓಡಿಸುವವರು ಸಂಬಳಕ್ಕೆ ಬಂದವರಲ್ಲ: ದಂತವೈದ್ಯರು, ಪ್ಲಂಬರುಗಳು, ಸಾಫ್ಟ್‌ವೇರಿನವರು, ನಿವೃತ್ತರು. ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕ್ ಹೆಚ್ಚೆಂದರೆ ಮೂರು ತಾಸಿನ ದಾರಿ, ಲಗೂನಾ ಸೆಕಾ ಅದಕ್ಕಿಂತ ಹತ್ತಿರ. ಅಲ್ಲಿ ಒಂದು ಶನಿವಾರ ಹೋಗಿ, ಕಾರುಗಳನ್ನು ಸಜ್ಜುಗೊಳಿಸುವ ಪ್ಯಾಡಕ್ಕಿನಲ್ಲಿ ಅಡ್ಡಾಡಿ ಬಂದರೆ ನಾನು ಮುಂದೆ ಹೇಳುವುದನ್ನೆಲ್ಲ ಕಣ್ಣಾರೆ ಕಾಣಬಹುದು.

ಮೊದಲು ‘ಒಂದೇ ಕಾರು’ ಎನ್ನುವ ಮಾತು. ಸ್ಪೆಕ್ ಮಿಯಾಟಾದ ಸಾಲಿನಲ್ಲಿ ನಿಲ್ಲುವ ಕಾರುಗಳು ಒಂದೇ ಅಲ್ಲ. 1990ರಿಂದ 93ರವರೆಗಿನ 1.6 ಲೀಟರಿನವು, 94ರಿಂದ 97ರವರೆಗಿನ 1.8 ಲೀಟರಿನವು, 1999ರ ನಂತರದ ಎರಡನೇ ತಲೆಮಾರಿನವು, ಎಲ್ಲ ಒಟ್ಟಿಗೆ ಓಡುತ್ತವೆ. ಮೂರರ ಬಲ ಬೇರೆ ಬೇರೆ. ಅವನ್ನು ಸರಿದೂಗಿಸಲು ಒಂದೊಂದಕ್ಕೆ ಒಂದೊಂದು ಕನಿಷ್ಠ ತೂಕ ಗೊತ್ತುಮಾಡುತ್ತಾರೆ. ಬಲ ಹೆಚ್ಚಾದ ಎಂಜಿನ್ನಿನ ಗಾಳಿಯ ದಾರಿಯಲ್ಲಿ ತೂತು ಕೊರೆದ ತಟ್ಟೆಯೊಂದನ್ನು ಕೂರಿಸಿ ಅದರ ಉಸಿರು ಹಿಡಿಯುತ್ತಾರೆ. ರೇಸು ಮುಗಿದ ಮೇಲೆ ಚಾಲಕನನ್ನು ಕೂರಿಸಿಯೇ ಕಾರನ್ನು ತೂಗುತ್ತಾರೆ. ತೆಳ್ಳಗಿನವರು ಪಕ್ಕದ ಸೀಟು ಇದ್ದ ಜಾಗದಲ್ಲಿ ತೂಕದ ಬಿಲ್ಲೆಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಈ ತೂಕ, ಈ ತಟ್ಟೆಯ ತೂತಿನ ಅಳತೆ, ಎಲ್ಲವೂ ಒಂದು ಸಮಿತಿ ಕೂತು ವರ್ಷ ವರ್ಷ ತಿದ್ದುವ ಲೆಕ್ಕ. ಸಮಾನತೆ ಅಲ್ಲಿ ತಾನಾಗಿ ಬಂದದ್ದಲ್ಲ. ಜನ ವಾದ ಮಾಡಿ, ಅಳೆದು, ಒಪ್ಪಿ ಕಟ್ಟಿಕೊಂಡದ್ದು. ಅದಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೆ ಕಟ್ಟಿದ್ದಕ್ಕೆಲ್ಲ ಸಂದು ಇದ್ದೇ ಇರುತ್ತದೆ.

ಎಂಜಿನ್ನನ್ನೇ ತೆಗೆದುಕೊಳ್ಳಿ. ನಿಯಮದ ಪ್ರಕಾರ ಅದು ಕಂಪನಿಯಿಂದ ಬಂದಂತೆಯೇ ಇರಬೇಕು. ಕಂಪನಿಯಿಂದ ಬರುವ ಪ್ರತಿ ಬಿಡಿಭಾಗದ ಅಳತೆಗೂ ಒಂದಿಷ್ಟು ಹೆಚ್ಚುಕಮ್ಮಿಗೆ ಅವಕಾಶವಿರುತ್ತದಲ್ಲ, ರೇಸ್ ಎಂಜಿನ್ ಕಟ್ಟುವ ನುರಿತವರು ಕೆಲಸ ಮಾಡುವುದು ಆ ಹೆಚ್ಚುಕಮ್ಮಿಯ ಒಳಗೆ. ಹತ್ತಾರು ಬಿಡಿಭಾಗ ತೂಗಿ, ಅಳೆದು, ಪ್ರತಿಯೊಂದರಲ್ಲೂ ಲಾಭದ ತುದಿಯಲ್ಲಿರುವುದನ್ನೇ ಆರಿಸಿ ಜೋಡಿಸುತ್ತಾರೆ. ಗುಜರಿಯಿಂದ ತಂದ ಹಳೆಯ ಎಂಜಿನ್ನೂ ನಿಯಮಬದ್ಧ, ಇದೂ ನಿಯಮಬದ್ಧ. ಎರಡಕ್ಕೂ ನಡುವೆ ಕೆಲವೇ ಅಶ್ವಶಕ್ತಿಯ ಅಂತರ. ಐನೂರು ಅಶ್ವಶಕ್ತಿಯ ಕಾರಿಗೆ ಅದು ಲೆಕ್ಕಕ್ಕಿಲ್ಲ. ನೂರಿಪ್ಪತ್ತರ ಕಾರಿಗೆ, ಅದೂ ಉದ್ದದ ನೇರ ದಾರಿಯಲ್ಲಿ, ಅದೇ ಎಲ್ಲ.

ಟೈರಿನ ಕಥೆ ಇನ್ನೂ ಸ್ಪಷ್ಟ. ಎಲ್ಲರೂ ಒಂದೇ ಕಂಪನಿಯ ಒಂದೇ ಮಾದರಿಯ ಟೈರು ಹಾಕಬೇಕೆಂಬುದು ನಿಯಮ. ಸ್ಪೆಕ್ ಮಿಯಾಟಾದ ಮೊದಲ ವರ್ಷಗಳಲ್ಲಿ ಓಡುತ್ತಿದ್ದ ಟೋಯೋ ಆರ್‌ಎ1 ರಸ್ತೆಯಲ್ಲೂ ಓಡಿಸಬಹುದಾದ ಕಚ್ಚಿನ ಟೈರು, ತುಂಬ ದಿನ ಬಾಳುತ್ತಿತ್ತು. ಕಚ್ಚು ಆಳವಿದ್ದಷ್ಟೂ ರಬ್ಬರಿನ ಗಡ್ಡೆಗಳು ತಿರುವಿನಲ್ಲಿ ಬಾಗುತ್ತವೆ, ಕಾಯುತ್ತವೆ, ಹಿಡಿತ ಸಡಿಲಾಗುತ್ತದೆ. ಸವೆದ ಟೈರೇ ವೇಗದ ಟೈರು. ಮುಂದಿನ ಸಾಲಿನವರು ಅದು ಸವೆಯಲಿ ಎಂದು ಕಾಯುವವರಲ್ಲ. ಹೊಚ್ಚಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು ಅರ್ಧಕ್ಕಿಂತ ಹೆಚ್ಚು ಕಚ್ಚನ್ನು ಹೆರೆಸಿ ಹಾಕಿಸಿಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಕೊಂಡ ರಬ್ಬರನ್ನು ಮತ್ತೆ ದುಡ್ಡು ಕೊಟ್ಟು ಕಸಕ್ಕೆ ಹಾಕುವುದು. ನಿಯಮ ಒಂದಿಂಚೂ ಮುರಿದಿಲ್ಲ, ಟೈರು ಎಲ್ಲರಿಗೂ ಒಂದೇ, ಆದರೆ ಒಬ್ಬನ ಟೈರು ವರ್ಷವಿಡೀ ಬರುತ್ತದೆ, ಇನ್ನೊಬ್ಬನದು ಕೆಲವೇ ರೇಸಿಗೆ ಮುಗಿಯುತ್ತದೆ.

ಇದು ನಿಯಮದೊಳಗಿನ ಮಾತಾಯಿತು. ಸಂದು ಹುಡುಕುವ ಕೈ ಗೆರೆ ದಾಟಿದ್ದೂ ಇದೆ. 2014ರಲ್ಲಿ ಲಗೂನಾ ಸೆಕಾದಲ್ಲಿ ನಡೆದ ಎಸ್‌ಸಿಸಿಎ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲಿ, ಅಂದರೆ ಹವ್ಯಾಸಿಗಳ ಪಾಲಿಗೆ ವರ್ಷದ ಅತಿದೊಡ್ಡ ರೇಸಿನಲ್ಲಿ, ಸ್ಪೆಕ್ ಮಿಯಾಟಾ ಮುಗಿದ ಮೇಲೆ ಎಂಜಿನ್ನುಗಳನ್ನು ಬಿಚ್ಚಿ ನೋಡಿದರು. ಸಿಲಿಂಡರ್ ಹೆಡ್ಡಿನೊಳಗೆ ಗಾಳಿ ಸಾಗುವ ದಾರಿಯನ್ನು ನಿಯಮಕ್ಕೆ ಮೀರಿ ನಯಗೊಳಿಸಿದ್ದು ಕಂಡಿತು. ಮುಂಚೂಣಿಯಲ್ಲಿ ಮುಗಿಸಿದ ಹಲವು ಕಾರುಗಳು ಅನರ್ಹವಾದವು. ಇದನ್ನು ಯಾರ ಮೇಲೋ ಕೆಸರೆರಚಲು ಹೇಳುತ್ತಿಲ್ಲ. ಆ ಚಾಲಕರಲ್ಲಿ ಎಷ್ಟೋ ಜನ ಹೆಸರಾಂತ ಗ್ಯಾರೇಜುಗಳಿಂದ ಎಂಜಿನ್ ಕೊಂಡು ತಂದವರು, ತಾವಾಗಿ ಹೆಡ್ ಬಿಚ್ಚಿದವರಲ್ಲ. ಹೇಳಬೇಕಾದದ್ದು ಇಷ್ಟೇ: ‘ಎಲ್ಲರಿಗೂ ಒಂದೇ ಕಾರು’ ಎಂದು ನಾವು ಯಾವ ಕ್ಲಾಸನ್ನು ತೋರಿಸಿ ಹೊಸಬರಿಗೆ ಆಸೆ ಹುಟ್ಟಿಸುತ್ತೇವೋ, ಅದರ ತುತ್ತತುದಿಯಲ್ಲಿ ಗೆಲುವು ಸೋಲು ಕೂದಲೆಳೆಯಷ್ಟು ಲೋಹದಲ್ಲಿ ತೀರ್ಮಾನವಾಗುತ್ತಿತ್ತು.

ಹಾಗಾದರೆ ಎಂಜಿನ್ನಿಗೆ ಸೀಲು ಹೊಡೆದುಬಿಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಎಸ್‌ಸಿಸಿಎ ಸ್ವತಃ ಎಂಬತ್ತರ ದಶಕದಲ್ಲಿ ರೆನೋ ಎಂಜಿನ್ನಿನೊಂದಿಗೆ ಶುರುಮಾಡಿ, ಆಮೇಲೆ ಫೋರ್ಡ್ ಎಂಜಿನ್ನಿಗೆ ಬದಲಾದ ಸ್ಪೆಕ್ ರೇಸರ್ ಕ್ಲಾಸಿನಲ್ಲಿ ಎಂಜಿನ್ ಸೀಲು ಹೊಡೆದೇ ಬರುತ್ತದೆ, ಬಿಡಿಭಾಗಕ್ಕೆ ಒಂದೇ ಅಂಗಡಿ. ಮೋಸ ಕಡಿಮೆಯಾಯಿತು. ಆದರೆ ರೇಸಿನ ಮುಂಚಿನ ಗುರುವಾರ, ಶುಕ್ರವಾರ ರಜೆ ಹಾಕಿ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುವವನ ರಜೆಗೆ ಯಾರು ಸೀಲು ಹೊಡೆಯುತ್ತಾರೆ? ಸಂಬಳ ಕೊಟ್ಟು ಕೋಚ್ ಇಟ್ಟುಕೊಳ್ಳುವವನ ಕೋಚಿಗೆ? ಇಂಗ್ಲೆಂಡಿನಲ್ಲಿ 1967ರಲ್ಲಿ ಫಾರ್ಮುಲಾ ಫೋರ್ಡ್ ಶುರುವಾದಾಗ ಕಾರಿನ ಬೆಲೆ ಒಂದು ಸಾವಿರ ಪೌಂಡ್ ಮೀರಕೂಡದು ಎಂದು ನಿಯಮವನ್ನೇ ಬರೆದಿದ್ದರು. ಆ ಕ್ಲಾಸು ಜಗತ್ತಿಗೆ ಎಂಥೆಂಥ ಚಾಲಕರನ್ನು ಕೊಟ್ಟಿತು. ಐರ್ಟನ್ ಸೆನ್ನಾ ಬ್ರೆಜಿಲಿನಿಂದ ಬಂದು 1981ರಲ್ಲಿ ಓಡಿಸಿದ್ದು ಅಲ್ಲೇ. ಸಾವಿರ ಪೌಂಡಿನ ಮಿತಿ ಮಾತ್ರ ಉಳಿಯಲಿಲ್ಲ. ನಿಯಮ ಒಂದು ಬಾಗಿಲು ಮುಚ್ಚಿದಾಗ ದುಡ್ಡು ಇನ್ನೊಂದರಲ್ಲಿ ಬರುತ್ತದೆ. ಗೆಲ್ಲಲೇಬೇಕೆಂದು ಬಂದವರು ಇರುವ ಕಡೆ ಇದು ತಪ್ಪುವುದಿಲ್ಲ, ಅದು ದೋಷವೂ ಅಲ್ಲ.

ಇಷ್ಟು ಕೇಳಿದವರು ‘ಹಾಗಾದರೆ ಸ್ಪೆಕ್ ಕ್ಲಾಸು ಬರೀ ಬೊಗಳೆ’ ಎನ್ನುವುದುಂಟು. ಅಲ್ಲಿ ನಾನು ಅವರ ಜೊತೆ ಇಲ್ಲ. ನನ್ನ ವಾದ ಶುರುವಾಗುವುದೇ ಇಲ್ಲಿಂದ.

ನಲವತ್ತು ಕಾರುಗಳ ರೇಸೊಂದರ ಫಲಿತಾಂಶದ ಹಾಳೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಮೊದಲ ಐದು ಜನರ ಅತಿವೇಗದ ಲ್ಯಾಪುಗಳ ನಡುವೆ ಸೆಕೆಂಡಿನ ಕೆಲವು ಭಾಗಗಳ ಅಂತರ. ಅವರೆಲ್ಲ ವರ್ಷಗಟ್ಟಲೆ ಓಡಿಸಿದವರು. ಕೌಶಲದಲ್ಲಿ ಒಬ್ಬರಿಗೊಬ್ಬರು ಹೆಚ್ಚು ದೂರವಿಲ್ಲ. ಚಾಲಕರು ಅಷ್ಟು ಸಮಾನರಾದಾಗ ಕಾರಿನ ಸಣ್ಣ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ. ಎಂಜಿನ್ನು, ಹೆರೆದ ಟೈರು, ಅಭ್ಯಾಸದ ದಿನಗಳು ಅಲ್ಲಿ ಮಾತಾಡುತ್ತವೆ. ಅದೇ ಹಾಳೆಯ ಕೆಳಗೆ ಬನ್ನಿ. ಹದಿನೈದನೆಯವರಿಂದ ಮೂವತ್ತೈದನೆಯವರ ಹೊತ್ತಿಗೆ ಅಂತರ ಹಲವು ಸೆಕೆಂಡಿಗೆ ಬೆಳೆದಿರುತ್ತದೆ. ಎಂಥ ದುಬಾರಿ ಎಂಜಿನ್ನೂ ಒಂದು ಲ್ಯಾಪಿನಲ್ಲಿ ಅಷ್ಟು ಸೆಕೆಂಡು ಕೊಡಲಾರದು. ಅಲ್ಲಿರುವ ವ್ಯತ್ಯಾಸ ಬಹುತೇಕ ಚಾಲಕರದು.

ಅಂದರೆ ‘ಕಾರು ಒಂದೇ, ಗೆಲ್ಲುವುದು ಕೈಚಳಕ’ ಎನ್ನುವ ಮಾತು ಮುಂದಿನ ಸಾಲಿನಲ್ಲಿ ಸುಳ್ಳಾಗುತ್ತ ಹೋಗುತ್ತದೆ, ಹಿಂದಿನ ಸಾಲಿನಲ್ಲಿ ಅಕ್ಷರಶಃ ನಿಜವಾಗುತ್ತದೆ. ನಾವು ಮಾತ್ರ ಅದನ್ನು ತಲೆಕೆಳಗಾಗಿ ಹೇಳಿಕೊಂಡು ಬಂದಿದ್ದೇವೆ. ಸಮಾನತೆ ಎನ್ನುವುದು ಪ್ರಶಸ್ತಿಗೆ ಹೋರಾಡುವವರಿಗಾಗಿ ಇದೆ, ಶ್ರೇಷ್ಠ ಚಾಲಕ ಯಾರೆಂದು ತೀರ್ಮಾನಿಸಲು ಇದೆ ಎಂದುಕೊಂಡಿದ್ದೇವೆ. 1973ರಲ್ಲಿ ಅಮೆರಿಕದಲ್ಲಿ ಹನ್ನೆರಡು ಮಂದಿ ಚಾಂಪಿಯನ್ನರಿಗೆ ಒಂದೇ ಥರದ ಪೋರ್ಷೆಗಳನ್ನು ಕೊಟ್ಟು ಐರಾಕ್ ಸರಣಿ ಶುರುಮಾಡಿದಾಗಿನ ಆಸೆ ಅದೇ. ಹವ್ಯಾಸಿಗಳ ಲೋಕಕ್ಕೆ ಆ ಆಸೆಯನ್ನು ಹಾಗೇ ತಂದು ಹಾಕಿದ್ದು ತಪ್ಪಾಯಿತು. ಇಲ್ಲಿ ಆ ಸಮಾನತೆಯ ನಿಜವಾದ ಫಲಾನುಭವಿ ಇಪ್ಪತ್ತೆರಡನೇ ಸ್ಥಾನದಲ್ಲಿರುವ ವ್ಯಕ್ತಿ.

ಹೇಗೆ ಅನ್ನುವುದಕ್ಕೆ ಒಂದೇ ಒಂದು ತಿರುವನ್ನು ನೋಡೋಣ. ಥಂಡರ್‌ಹಿಲ್‌ನ ಎರಡನೇ ತಿರುವು ಎಡಕ್ಕೆ ಉದ್ದಕ್ಕೆ ಸುತ್ತುತ್ತ ಹೋಗುತ್ತದೆ. ಮುಗಿಯಿತು ಎಂದುಕೊಂಡರೂ ಮುಗಿದಿರುವುದಿಲ್ಲ. ಇವತ್ತು ಬಹುಪಾಲು ಕಾರುಗಳಲ್ಲಿ ಜಿಪಿಎಸ್ ಇರುವ ಸಣ್ಣ ಪೆಟ್ಟಿಗೆಯೊಂದು ವೇಗವನ್ನು ಬರೆದುಕೊಳ್ಳುತ್ತದೆ. ಸಂಜೆ ಪ್ಯಾಡಕ್ಕಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ನಿಮ್ಮ ವೇಗದ ಏರಿಳಿತದ ಗೆರೆಯ ಮೇಲೆ ನಿಮಗಿಂತ ವೇಗದವರೊಬ್ಬರ ಗೆರೆಯನ್ನು ಇಟ್ಟು ನೋಡಬಹುದು. ಕೇಳಿದರೆ ಬಹುತೇಕರು ಕೊಡುತ್ತಾರೆ. ಈ ಕ್ಲಾಸಿನ ದೊಡ್ಡಗುಣ ಅದು. ಹೊಸಬರ ಗೆರೆ ಸಾಮಾನ್ಯವಾಗಿ ಹೀಗಿರುತ್ತದೆ: ತಿರುವಿನ ಬಾಯಿಯವರೆಗೂ ವೇಗ, ತಡವಾಗಿ ಜೋರಾಗಿ ಬ್ರೇಕು, ಗೆರೆ ಚೂಪಾಗಿ ಕೆಳಕ್ಕೆ ಬಿದ್ದು, ಭಯ ಕಳೆದ ಮೇಲೆ ಮತ್ತೆ ಮೇಲಕ್ಕೆ. ವೇಗದವರ ಗೆರೆ ಮೊದಲೇ ಇಳಿಯಲು ಶುರುವಾಗುತ್ತದೆ, ಆದರೆ ಅಷ್ಟು ಆಳಕ್ಕೆ ಹೋಗುವುದೇ ಇಲ್ಲ. ನಿಮ್ಮದು ಗಂಟೆಗೆ 90 ಕಿಲೋಮೀಟರಿಗೆ ಕುಸಿದಿದ್ದರೆ ಅವರದು 96ರಲ್ಲಿ ಬಟ್ಟಲಿನ ತಳದಂತೆ ನಿಧಾನ ತಿರುಗಿರುತ್ತದೆ. ಬ್ರೇಕು ತಡವಾಗಿ ಒತ್ತುವುದೇ ಧೈರ್ಯ, ಧೈರ್ಯವೇ ವೇಗ ಎಂದು ನಂಬಿ ಬಂದವರಿಗೆ ಆ ಎರಡು ಗೆರೆಗಳು ಹೇಳುವಷ್ಟನ್ನು ಯಾವ ಪುಸ್ತಕವೂ ಹೇಳಲಾರದು. ಬ್ರೇಕನ್ನು ಬೇಗ ಬಿಡಬೇಕಿತ್ತು, ಕಾರನ್ನು ನಂಬಬೇಕಿತ್ತು, ಅಷ್ಟೆ.

ಬೇರೆ ಬೇರೆ ಕಾರುಗಳ ಕ್ಲಾಸಿನಲ್ಲಿ ಈ ಹೋಲಿಕೆ ಸಾಧ್ಯವೇ ಇಲ್ಲ. ಅವರ ಟೈರು ಅಗಲ, ಅವರ ಕಾರು ಹಗುರ, ಅವರದು ಟರ್ಬೊ ಎಂದು ಹೇಳಿಕೊಳ್ಳಲು ಸಾವಿರ ದಾರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸ್ಪೆಕ್ ಕ್ಲಾಸಿನಲ್ಲಿ ನೆಲ ಎಲ್ಲರಿಗೂ ಒಂದೇ ಎಂಬುದನ್ನು ಗೆರೆಗಳೇ ತೋರಿಸುತ್ತವೆ. ಅಷ್ಟು ನಿಷ್ಠುರವಾಗಿ, ಅಷ್ಟು ಪ್ರೀತಿಯಿಂದ ಕಲಿಸುವ ಮೇಷ್ಟ್ರು ನಮ್ಮ ವಯಸ್ಸಿನಲ್ಲಿ ಇನ್ನೆಲ್ಲಿ ಸಿಗುತ್ತಾರೆ?

ಇನ್ನೊಂದು ಲಾಭವಿದೆ, ಅದರ ಬಗ್ಗೆ ಮಾತಾಡುವವರೇ ಕಡಿಮೆ. ಸಾಲು ತುಂಬಿದ ಸ್ಪೆಕ್ ಕ್ಲಾಸಿನಲ್ಲಿ ನೀವು ಎಷ್ಟೇ ನಿಧಾನವಿದ್ದರೂ ನಿಮ್ಮಷ್ಟೇ ನಿಧಾನದವರು ಪಕ್ಕದಲ್ಲಿ ಇರುತ್ತಾರೆ. ಬಲ ಕಡಿಮೆ ಇರುವ ಕಾರಿನಲ್ಲಿ ಒಮ್ಮೆ ಕಳೆದುಕೊಂಡ ವೇಗ ಬೇಗ ವಾಪಸು ಬರುವುದಿಲ್ಲ. ಹಾಗಾಗಿ ಮುಂದಿನವರ ಬೆನ್ನ ಹಿಂದಿನ ಗಾಳಿಯ ನೆರಳಿನಲ್ಲಿ ಅಂಟಿಕೊಂಡು ಹೋಗಬೇಕು, ಯಾವ ತಿರುವಿನಿಂದ ಆಚೆ ಬರುವಾಗ ಹೊರಗೆ ಎಳೆಯಬೇಕೆಂದು ಎರಡು ತಿರುವು ಮೊದಲೇ ಲೆಕ್ಕ ಹಾಕಬೇಕು, ಹಾಕಿದ ಲೆಕ್ಕವನ್ನು ಎದುರಿನವರು ಕನ್ನಡಿಯಲ್ಲಿ ನೋಡಿ ಕೆಡಿಸುತ್ತಾರೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಪ್ಪತ್ತೆರಡನೇ ಸ್ಥಾನಕ್ಕಾಗಿ ಮೂವರು ಅರ್ಧ ತಾಸು ಹೀಗೆ ಹೆಣಗಿ, ಇಳಿದು ಹೆಲ್ಮೆಟ್ ತೆಗೆದಮೇಲೆ ಒಬ್ಬರಿಗೊಬ್ಬರು ಕೈಯಾಡಿಸುತ್ತ ಇಡೀ ರೇಸನ್ನು ಮತ್ತೆ ಓಡಿಸುವುದನ್ನು ನೋಡಬೇಕು. ಗೆದ್ದವನು ಎಷ್ಟೋ ಸಲ ಒಬ್ಬನೇ ಮುಂದೆ ಓಡಿಸಿಕೊಂಡು ಬಂದಿರುತ್ತಾನೆ. ರೇಸು ನಡೆದದ್ದು ಇವರ ನಡುವೆ.

ಈಗ ಅಗ್ಗ ಎನ್ನುವ ಮಾತಿಗೆ ಬರೋಣ. ಅಗ್ಗ ಅಲ್ಲ. ಕಾರು ಕೊಳ್ಳುವ ದುಡ್ಡು ಬರೀ ಬಾಗಿಲು. ಪ್ರವೇಶ ಶುಲ್ಕ, ಟೈರು, ಪೆಟ್ರೋಲು, ಕಾರು ಎಳೆದೊಯ್ಯುವ ಟ್ರೈಲರು, ಬ್ರೇಕ್ ಪ್ಯಾಡು, ವಸತಿ ಎಲ್ಲ ಅದರ ಹಿಂದೆಯೇ ಬರುತ್ತವೆ. ಸಾಮಾನ್ಯ ವಾಹನ ವಿಮೆ ರೇಸಿನ ಜಖಮನ್ನು ಕಟ್ಟಿಕೊಡುವುದಿಲ್ಲ. ಯಾರ ತಪ್ಪಿನಿಂದ ಡಿಕ್ಕಿಯಾದರೂ ಅವರವರ ಕಾರಿನ ರಿಪೇರಿ ಅವರವರದೇ ಎನ್ನುವುದು ಹವ್ಯಾಸಿ ರೇಸಿನ ಸಾಮಾನ್ಯ ರೂಢಿ. ಆದ್ದರಿಂದ ಇಡೀ ಕಾರು ಒಂದು ಮಧ್ಯಾಹ್ನದಲ್ಲಿ ಗುಜರಿಯಾದರೂ ಮನೆಯ ಬಾಡಿಗೆ, ಮಕ್ಕಳ ಫೀಸು ಅಲ್ಲಾಡಬಾರದು. ಅಷ್ಟು ನಿಶ್ಚಿಂತೆ ಇಲ್ಲದವರು ಸಾಲ ಮಾಡಿ ಇಳಿಯುವ ಆಟವಲ್ಲ ಇದು. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು. ‘ಅಗ್ಗ’ ಎಂದು ಕರೆತರುವುದು ಅನ್ಯಾಯ.

ಆದರೆ ಹಿಂದಿನ ಸಾಲಿನಲ್ಲಿ ನಿಂತು ನೋಡಿದರೆ ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಮುಂದಿನ ಸಾಲನ್ನು ಕಣ್ಣಲ್ಲಿಟ್ಟುಕೊಂಡು ಬಂದವರು ಮೊದಲ ವರ್ಷವೇ ಹೆಸರಾಂತ ಗ್ಯಾರೇಜಿನ ಎಂಜಿನ್ನಿಗೆ ದುಡ್ಡು ಕಟ್ಟುತ್ತಾರೆ, ಹೊಸ ಟೈರಿನ ಮೇಲೆ ಹೊಸ ಟೈರು ಹಾಕುತ್ತಾರೆ. ಲ್ಯಾಪಿಗೆ ನಾಲ್ಕು ಸೆಕೆಂಡು ಹಿಂದಿರುವವರಿಗೆ ಆ ಎಂಜಿನ್ ಕೊಡುವುದು ಹೆಚ್ಚೆಂದರೆ ಅದರಲ್ಲೊಂದು ಸಣ್ಣ ಚೂರು. ಉಳಿದದ್ದೆಲ್ಲ ಸ್ಟಿಯರಿಂಗ್ ಹಿಂದೆ ಕೂತವರ ಕೆಲಸ. ನನ್ನನ್ನು ಕೇಳಿದರೆ, ಮೊದಲ ಎರಡು ವರ್ಷ ಎಂಜಿನ್ನಿಗೆ ಕೈ ಹಾಕಲೇಬಾರದು. ಕಾರನ್ನು ತಾವೇ ಕಟ್ಟಲು ಹೋಗಲೂಬಾರದು. ಕಟ್ಟುವುದು ಸಂತೋಷದ ಕೆಲಸ ನಿಜ, ಆದರೆ ಅದಕ್ಕೆ ತಗಲುವ ಖರ್ಚಿಗಿಂತ ಎಷ್ಟೋ ಕಡಿಮೆಗೆ ಯಾರೋ ಕಟ್ಟಿ ಓಡಿಸಿ ಮಾರುತ್ತಿರುವ ಕಾರು ಸಿಗುತ್ತದೆ, ಜೊತೆಗೆ ಕಟ್ಟುವ ಎರಡು ವರ್ಷ ನೀವು ಟ್ರ್ಯಾಕಿನಲ್ಲಿ ಕಳೆಯಬಹುದು. ಮುಂದಿನವರು ಕೆಲವೇ ರೇಸು ಓಡಿಸಿ ತೆಗೆದಿಟ್ಟ ಟೈರುಗಳನ್ನು ಕೇಳಿ ಕೊಳ್ಳಿ. ಕಾರು ಕೊಳ್ಳುವ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ತೆಗೆದು ಓಡಿಸಿ. ಅದಕ್ಕೂ ಮೊದಲು ನಿಮ್ಮ ಮನೆಯ ಕಾರಿನಲ್ಲೇ ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿಕೊಂಡು ಓಡಿಸುವ ಕಲಿಕೆಯ ದಿನಗಳಿಗೆ ಹೋಗಿ. ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್ ಕೆಲಸಕ್ಕೆ ಹೆಸರು ಕೊಡಿ. ಅಲ್ಲಿ ನಿಂತು ಒಂದು ದಿನ ನೋಡಿದರೆ, ಒಂದೇ ತಿರುವನ್ನು ಮೂವತ್ತು ಜನ ಮೂವತ್ತು ರೀತಿ ತಗೊಳ್ಳುವುದು ಕಾಣುತ್ತದೆ, ಯಾರು ಯಾಕೆ ಜಾರಿದರು ಎನ್ನುವುದೂ ಕಾಣುತ್ತದೆ.

ದುಡ್ಡು ಉಳಿಸಬಾರದ ಜಾಗ ಒಂದೇ: ಮೈ ಕಾಯುವ ಸಾಮಾನು. ಕುತ್ತಿಗೆ ಹಿಡಿದಿಡುವ ಹ್ಯಾನ್ಸ್ ಸಾಧನವನ್ನು ರೂಪಿಸಿದವರು ರಾಬರ್ಟ್ ಹಬ್ಬರ್ಡ್ ಎಂಬ ಎಂಜಿನಿಯರು. ಜೊತೆಗೆ ನಿಂತವರು ಮಾಜ್ದಾ ಕಾರುಗಳನ್ನೇ ಓಡಿಸುತ್ತಿದ್ದ ಅವರ ಭಾವಮೈದುನ ಜಿಮ್ ಡೌನಿಂಗ್. ಬಹಳ ವರ್ಷ ಅದನ್ನು ಯಾರೂ ಹೆಚ್ಚು ಹಚ್ಚಿಕೊಳ್ಳಲಿಲ್ಲ. 2001ರಲ್ಲಿ ಡೇಟೋನಾದಲ್ಲಿ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ತಲೆಬುರುಡೆಯ ಬುಡ ಮುರಿದು ಸತ್ತ ಮೇಲೆ ಲೋಕ ಎಚ್ಚೆತ್ತಿತು. ಹೆಲ್ಮೆಟ್ಟು, ಬೆಂಕಿ ತಡೆವ ಬಟ್ಟೆ, ನಿಮ್ಮ ಮೈಗೆ ಸರಿಹೊಂದುವ ಸೀಟು, ಬೆಲ್ಟು, ಹ್ಯಾನ್ಸ್. ಇವಕ್ಕೆ ಕೊಟ್ಟು ಉಳಿದರೆ ಮಾತ್ರ ಮಿಕ್ಕದ್ದು.

ಮೂರನೆಯ ಮಾತು, ಏಣಿಯದು, ನಮ್ಮ ನಾಡಿಗೆ ಹತ್ತಿರದ್ದು. ಭಾರತದಲ್ಲಿ ಸ್ಪೆಕ್ ಕ್ಲಾಸಿನ ಕಥೆ ಹೇಳುವಾಗ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರನ್ನು ನೆನೆಯದೆ ಇರಲಾಗದು. ಮಾರುತಿ 800ರ ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಇಟ್ಟು 1988ರಲ್ಲಿ ಫಾರ್ಮುಲಾ ಮಾರುತಿ ಎನ್ನುವ ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಮನೆಮನೆಯ ಕಾರಿನ ಎಂಜಿನ್ನಿನಿಂದ ರೇಸ್ ಕಾರು! ನಾರಾಯಣ್ ಕಾರ್ತಿಕೇಯನ್ ಶ್ರೀಪೆರಂಬದೂರಿನಲ್ಲಿ ತಮ್ಮ ಮೊದಲ ರೇಸು ಓಡಿಸಿದ್ದು ಅದರಲ್ಲೇ. 2005ರಲ್ಲಿ ಅವರು ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಹೊರವಲಯದ 2.1 ಕಿಲೋಮೀಟರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು.

ಹೆಮ್ಮೆಯ ಕಥೆ. ಆದರೆ ನಾವು ಅದರಿಂದ ಕಲಿತ ಪಾಠ ಅರ್ಧ. ಆ ಪುಟ್ಟ ಕಾರಿನಿಂದ ಒಬ್ಬರು ಫಾರ್ಮುಲಾ ಒನ್ ತಲುಪಿದರು ಎನ್ನುವುದನ್ನು ಹಿಡಿದುಕೊಂಡೆವು. ಅದರಲ್ಲಿ ಓಡಿಸಿ, ಎಲ್ಲೂ ತಲುಪದೆ, ಆದರೂ ಚೆನ್ನಾಗಿ ಓಡಿಸಲು ಕಲಿತು ಮನೆಗೆ ಹೋದವರನ್ನು ಮರೆತೆವು. ಈಗ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆಯೇ ‘ಮುಂದೆ ಏನು?’. ಎಂಟು ವರ್ಷದ ಮಗುವಿಗೆ ಕಾರ್ಟಿಂಗ್ ಶುರುಮಾಡಿಸದಿದ್ದರೆ ರೈಲು ತಪ್ಪಿತು ಎಂದು ನಂಬಿದ್ದಾರೆ. ಮೂವತ್ತೈದರ ಬ್ಯಾಂಕ್ ನೌಕರರೋ ನಲವತ್ತೆರಡರ ಲೆಕ್ಚರರೋ ರೇಸಿಗೆ ಬರುತ್ತೇನೆಂದರೆ ಸುತ್ತಲಿನವರು ವಿಚಿತ್ರವಾಗಿ ನೋಡುತ್ತಾರೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಎಸ್‌ಸಿಸಿಎಯಲ್ಲಿ ತಮ್ಮ ಮೊದಲ ರೇಸು ಓಡಿಸಿದಾಗ ಅವರಿಗೆ 47 ವರ್ಷ. ಮುಂದೆ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್ ಆದರು, 1979ರಲ್ಲಿ ಲ ಮಾನ್‌ನಲ್ಲಿ ಎರಡನೇ ಸ್ಥಾನ ಪಡೆದರು. ಅವರಿಗೆ ಹಾಲಿವುಡ್ಡಿನ ಹಣವಿತ್ತು ಎನ್ನಬಹುದು, ಒಪ್ಪಿದೆ. ಆದರೆ 47ರ ಕಣ್ಣು, ಕೈ, ತಾಳ್ಮೆಯನ್ನು ಹಣ ಕೊಟ್ಟು ತರಲಾಗುವುದಿಲ್ಲ. ಅವು ಅವರವೇ.

ಏಣಿಯ ಯೋಚನೆ ನಮ್ಮಲ್ಲಿ ಇನ್ನೂ ಒಂದು ಹಾನಿ ಮಾಡಿದೆ. 2010ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ ಕಪ್ ಶುರುಮಾಡಿತು. ಟೊಯೊಟಾ ಎಟಿಯೋಸ್ ರೇಸು ತಂದಿತು. ಕಾರು ಕಂಪನಿಯದು, ಮೆಕ್ಯಾನಿಕ್ ಕಂಪನಿಯವರು, ಚಾಲಕ ಹೆಲ್ಮೆಟ್ ಹಿಡಿದು ಬಂದರೆ ಸಾಕು. ಹೊಸಬರಿಗೆ ಅದು ನಿಜಕ್ಕೂ ಒಳ್ಳೆಯ ಅವಕಾಶವಾಗಿತ್ತು, ಎಷ್ಟೋ ಯುವಕರು ಅಲ್ಲಿ ಕಣ್ಣು ಬಿಟ್ಟರು. ಆದರೆ ಕಂಪನಿ ಮಾದರಿ ಬದಲಿಸಿದಾಗ, ಪ್ರಚಾರದ ಲೆಕ್ಕ ಬದಲಾದಾಗ, ಕಪ್ ಮುಗಿಯಿತು. ಓಡಿಸಿದವರ ಮನೆಯ ಷೆಡ್ಡಿನಲ್ಲಿ ಕಾರು ಉಳಿಯಲಿಲ್ಲ. ಅತ್ತ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಬಿಡಿಭಾಗದಿಂದ ಹವ್ಯಾಸಿಗಳು ಕಟ್ಟಿದ ಫಾರ್ಮುಲಾ ವೀ 1963ರಲ್ಲಿ ಕ್ಲಾಸಾಗಿ ಮಾನ್ಯವಾಯಿತು. ಬೀಟಲ್ ಮಾರಾಟವೇ ನಿಂತು ದಶಕಗಳಾದರೂ ಅದು ಓಡುತ್ತಿದೆ. ಕಾರುಗಳು ಓಡಿಸುವವರ ಸ್ವಂತದವು, ಅದಕ್ಕೇ ಓಡುತ್ತಿದೆ.

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿಯಲ್ಲಿ ಹೋದರೆ ಇರುಂಗಾಟ್ಟುಕೋಟೈನ ಟ್ರ್ಯಾಕ್ ದಾರಿಯ ಪಕ್ಕದಲ್ಲೇ ಸಿಗುತ್ತದೆ. ಕೊಯಮತ್ತೂರು ಒಂದು ರಾತ್ರಿಯ ಪ್ರಯಾಣ. ಲೈಸೆನ್ಸ್ ಕೊಡುವ ಎಫ್‌ಎಂಎಸ್‌ಸಿಐ ಇದೆ, ಕಲಿಸುವ ಶಾಲೆಗಳಿವೆ, ಬೆಂಗಳೂರಿನಲ್ಲೇ ಬಾಡಿಗೆ ಕಾರ್ಟ್ ಟ್ರ್ಯಾಕುಗಳಿವೆ. ಎಲ್ಲರ ತೂಕ ಸರಿದೂಗಿಸಿ, ಚೀಟಿ ಎತ್ತಿ ಕಾರ್ಟ್ ಹಂಚುವ ರೇಸಿಗಿಂತ ಒಳ್ಳೆಯ ಮೊದಲ ಮೆಟ್ಟಿಲು ಇಲ್ಲ. ಇಲ್ಲದ್ದು ಏನೆಂದರೆ, ಹಳೆಯ ಸ್ವಿಫ್ಟನ್ನೋ ಆಲ್ಟೊವನ್ನೋ ಕೊಂಡು, ಕೇಜ್ ಹಾಕಿಸಿ, ಹತ್ತು ವರ್ಷ ನಿಯಮ ಬದಲಾಗುವುದಿಲ್ಲ ಎಂಬ ಭರವಸೆಯ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಓಡಿಸಿಕೊಂಡು ಬರಬಹುದಾದ, ಎಲ್ಲೂ ತಲುಪಿಸದ ಒಂದು ಕ್ಲಾಸು. ಕಂಪನಿ ಅದನ್ನು ಕೊಡುವುದಿಲ್ಲ. ಕ್ಲಬ್ಬುಗಳೇ ಕಟ್ಟಬೇಕು, ಅದಕ್ಕೆ ಮೊದಲು ಕ್ಲಬ್ಬಿಗೆ ಬರುವ ನಾವು ‘ಮುಂದೆ ಏನು’ ಎಂದು ಕೇಳುವುದನ್ನು ನಿಲ್ಲಿಸಬೇಕು.

ಸೋಲಲೆಂದೇ ಯಾರಾದರೂ ರೇಸಿಗೆ ಹೋಗುತ್ತಾರೆಯೇ ಎಂದು ಗೆಳೆಯರು ಕೇಳುತ್ತಾರೆ. ಸೋಲಲು ಹೋಗಿ ಎಂದು ನಾನು ಹೇಳುತ್ತಿಲ್ಲ. ಇಪ್ಪತ್ತೆರಡನೆಯವರು ಇಪ್ಪತ್ತೊಂದನೆಯವರನ್ನು ಹಿಡಿಯಲು ಜೀವವಿಟ್ಟು ಓಡಿಸಬೇಕು. ಅದು ನಾಟಕವಾದರೆ ಕಲಿಕೆಯೂ ನಡೆಯುವುದಿಲ್ಲ. ಮುಂದೊಂದು ದಿನ ಅವರು ಎಂಟನೆಯವರಾಗಬಹುದು, ಆಗ ಎಂಜಿನ್ನಿನ ಮಾತು ಎತ್ತಲಿ. ಆ ದಿನ ಬಾರದಿದ್ದರೂ ಅವರು ಓಡಿಸಿದ್ದು ಪೂರ್ಣ ಪ್ರಮಾಣದ ರೇಸೇ.

ಹಾಗಾಗಿ ಯಾವ ಕ್ಲಾಸಿಗೆ ಸೇರಲಿ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ. ಚಾಂಪಿಯನ್ ಯಾರು, ಅವರ ಕಾರು ಯಾವ ಗ್ಯಾರೇಜಿನದು ಎಂದು ವಿಚಾರಿಸುತ್ತ ಕೂರಬೇಡಿ. ಕ್ಲಬ್ಬಿನವರಿಂದ ಕಳೆದ ವರ್ಷದ ಫಲಿತಾಂಶದ ಹಾಳೆಗಳನ್ನು ತರಿಸಿಕೊಂಡು ಕೆಳಗಿನ ಅರ್ಧ ನೋಡಿ. ಅಲ್ಲಿ ಅಕ್ಕಪಕ್ಕದ ಕಾರುಗಳ ನಡುವೆ ಅಂತರ ಎಷ್ಟಿದೆ, ವರ್ಷದ ಮೊದಲ ರೇಸಿನಲ್ಲಿದ್ದ ಹೆಸರುಗಳಲ್ಲಿ ಎಷ್ಟು ಕೊನೆಯ ರೇಸಿನಲ್ಲೂ ಇವೆ, ಅವರ ಲ್ಯಾಪ್ ಟೈಮು ವರ್ಷದಲ್ಲಿ ಎಷ್ಟು ಇಳಿದಿದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಹೆಸರುಗಳು ಉಳಿದಿದ್ದು, ಸೆಕೆಂಡುಗಳು ಇಳಿದಿದ್ದರೆ ಅಲ್ಲಿಗೆ ಹೋಗಿ. ಉಳಿದ ಕಾರುಗಳು ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ.